ಗಯ್ಯಾಳಿ ಹೊರಬಿದ್ದ ಬೆಳಿಗ್ಗೆ

ನಾವು ಗಯ್ಯಾಳಿ ಎಂದು ಕರೆಯುವ ಹೆಣ್ಣುಕುದುರೆ ಹೊಸ ಹುಲ್ಲುಗಾವಲಿನ ನಡುವೆ ಆರಾಮಾಗಿ ಮೇಯುತ್ತಿತ್ತು.

ಅದಕ್ಕೆ ಜಂತುಹುಳದ ಔಷಧಿ ಕೊಟ್ಟು ಒಂದೇ ದಿನವಾಗಿತ್ತು. ಇನ್ನೆರಡು ದಿನ ಲಾಯದಲ್ಲೇ ಇರಬೇಕಿತ್ತು. ಆ ದಿನಗಳ ಲದ್ದಿಯಲ್ಲಿ ಹುಳದ ಮೊಟ್ಟೆ, ಔಷಧಿಯ ಅಂಶ ಎರಡೂ ಬೀಳುತ್ತವೆ. ಅದು ಹುಲ್ಲಿಗೆ ಸೇರಬಾರದು. ಕುದುರೆಮರಿಗಳಿಗೆಂದು ಆ ಹುಲ್ಲುಗಾವಲನ್ನು ಒಂದು ವರ್ಷ ಗೊರಸು ತಾಗದಂತೆ ಕಾದವಳು ನಾನು.

ಗೇಟಿನ ಬಳಿ ಲಾಳ ಕಟ್ಟುವವನು ನಿಂತಿದ್ದ. ಒಂದೂವರೆ ತಿಂಗಳಿಗೊಮ್ಮೆ ಬರುತ್ತಾನೆ. ಅವನು ಬರುವ ದಿನ ನಾನು ಎರಡು ಸಲ ತಲೆ ಬಾಚಿಕೊಳ್ಳುತ್ತೇನೆ. ಕುದುರೆ ಬಾಗಿಲು ಒದೆಯುತ್ತಿತ್ತು, ಪಾಪ ಅನ್ನಿಸಿ ಬಿಟ್ಟೆ ಎಂದ. ಔಷಧಿಯ ವಿಷಯ ಅವನಿಗೆ ಯಾರೂ ಹೇಳಿರಲಿಲ್ಲ. ಅದನ್ನು ಕೇಳುವ ತಾಳ್ಮೆ ನನಗಿರಲಿಲ್ಲ.

"ಮೊಳೆ ಹೊಡೆದು ಹೋಗೋರಿಗೆ ಹುಲ್ಲಿನ ಚಿಂತೆ ಯಾಕಿರುತ್ತೆ?"

ಅವನ ಮುಖ ಸಪ್ಪಗಾಯಿತು. ಕುದುರೆಯನ್ನು ಒಳಗೆ ಕಟ್ಟಿ, ಚೀಲ ಎತ್ತಿಕೊಂಡು ಹೊರಟ. ನಾನು ಬಕೆಟ್ ಹಿಡಿದು ಎರಡು ಕಡೆ ಲದ್ದಿ ಬಾಚಿದೆ.

ಸಂಜೆ ಲಾಯದ ಒಡತಿಯಾದ ನನ್ನ ಸೋದರತ್ತೆ ಫೋನ್ ಕೆಳಗಿಟ್ಟು, ಮುಂದಿನ ಸಲದಿಂದ ಅವನ ಚಿಕ್ಕಪ್ಪ ಬರುತ್ತಾರಂತೆ ಎಂದಳು. ಕನ್ನಡಕದ ಮೇಲಿಂದ ನನ್ನನ್ನೇ ನೋಡಿದಳು.

"ಹುಲ್ಲು ಕಾಯೋಕೆ ಹೋಗಿ ಹುಡುಗನ್ನ ಓಡಿಸಿದೆಯೇನೆ?"

ರಾತ್ರಿ ಅವನಿಗೆ ಕ್ಷಮೆ ಕೇಳಿ ಒಂದು ಮೆಸೇಜ್ ಬರೆದೆ, ಅಳಿಸಿದೆ. ಏಳು ಸಲ.

ಬೆಳಿಗ್ಗೆ ನೋಡಿದರೆ ಅವನೇ ಹುಲ್ಲುಗಾವಲಿನ ಮೂಲೆಯಲ್ಲಿ ಮಂಡಿಯೂರಿದ್ದ, ಪ್ಯಾಂಟೆಲ್ಲ ಇಬ್ಬನಿ. ಔಷಧಿಯ ವಿಷಯ ಅತ್ತೆ ಫೋನಿನಲ್ಲಿ ಹೇಳಿದ್ದಳಂತೆ. ನಿನ್ನೆ ನಾನು ಬರುವ ಮೊದಲೇ ಗಯ್ಯಾಳಿ ಬೇಲಿಯ ಪಕ್ಕ ಇನ್ನೊಂದು ಕಡೆ ಲದ್ದಿ ಹಾಕಿತ್ತಂತೆ. ಅದು ನನ್ನ ಕಣ್ಣಿಗೆ ಬಿದ್ದಿರಲಾರದು ಅಂತ ಅವನಿಗೆ ನಿದ್ದೆಯೇ ಹತ್ತಲಿಲ್ಲವಂತೆ. ಉದುರಿದ್ದನ್ನು ಒಂದೊಂದಾಗಿ ಹೆಕ್ಕಿ ಬಕೆಟ್ಟಿಗೆ ಹಾಕುತ್ತಿದ್ದ. ನಾನೂ ಪಕ್ಕದಲ್ಲಿ ಕೂತೆ.

ನಿನ್ನೆ ಆಡಿದ್ದು ತಪ್ಪು ಎಂದೆ. ಚಿಕ್ಕಪ್ಪನನ್ನು ಕಳಿಸುವಷ್ಟು ಕೋಪವೇ ಎಂದೂ ಕೇಳಿದೆ.

ಅವನು ಹುಲ್ಲು ಸರಿಸುತ್ತಲೇ ಹೇಳಿದ, "ಕೋಪ ಅಲ್ಲ. ನೀವು ನೋಡ್ತಾ ನಿಂತ್ರೆ ನನ್ನ ಕೈ ನಡುಗುತ್ತೆ. ಮೊಳೆ ಕೂದಲೆಳೆಯಷ್ಟು ಒಳಗೆ ಹೋದ್ರೂ ಕುದುರೆ ಕುಂಟುತ್ತೆ. ಹೋದ ಸಲ ಹೇಗೋ ಬಚಾವಾದೆ."

ಮಾತನ್ನು ತೂಗಿ ಆಡುವವಳು ನಾನು. ಅವತ್ತು ತೂಗಲಿಲ್ಲ.

"ಮೊಳೆ ಹೊಡೆಯುವಾಗ ಆ ಕಡೆ ತಿರುಗಿ ನಿಲ್ತೀನಿ. ಆದ್ರೆ ನೀವೇ ಬರ್ಬೇಕು."

"ಹೊಡೆದಾದ ಮೇಲೆ?"

"ಆಮೇಲೆ ನೋಡ್ತೀನಿ. ಸಾಕು ಅನ್ನೋವರೆಗೂ."

ಅವನು ಈಗ ತಲೆಯೆತ್ತಿದ. ಕಣ್ಣಂಚಿನಲ್ಲಿ ನಗು ಶುರುವಾಗಿ, ತುಟಿಗೆ ಬರಲು ನಾಚಿಕೊಂಡಿತು. ನನ್ನತ್ತ ಕೈ ಚಾಚಿದವನು, ಮೆತ್ತಿದ ಲದ್ದಿ ನೋಡಿ ಹಿಂದಕ್ಕೆಳೆದುಕೊಂಡ.

ನಾನು ಬಿಡಲಿಲ್ಲ, ಹಿಡಿದುಕೊಂಡೆ.