ಗ್ಲೆನ್‌ರೋವನ್ ಪ್ರಭುವಿನ ಸೋಲು

"ಸೋಲ್ತೇವೆ ಅಂತ ಗೊತ್ತಿದ್ದೂ ಯುದ್ಧಕ್ಕೆ ಹೋದವನನ್ನ ನಮ್ಮ ಪುತ್ತೂರಲ್ಲಿ ಪ್ರಭು ಅಂತ ಹೇಳುದಿಲ್ಲ ಮಾರಾಯ್ರೇ. ಪೆದ್ದ ಅಂತ ಹೇಳುದು."

ಝೂಮ್ ಪರದೆಯ ಮೂಲೆಯ ಚೌಕದಲ್ಲಿದ್ದ ಗಡ್ಡದ ಯುವಕ ಹೀಗೆಂದಾಗ ಮಯೂರಿಯ ಕಿವಿ ಬಿಸಿಯಾಯಿತು.

ಪರದೇಶದ ನಿಲಾಯ್ ಪಟ್ಟಣದ ವಿಶ್ವವಿದ್ಯಾಲಯದಲ್ಲಿ ಅವಳು ಸಂಶೋಧನೆ ಮಾಡುತ್ತಿದ್ದುದೇ ಆ 'ಪೆದ್ದ'ನ ಬದುಕಿನ ಮೇಲೆ! ಸ್ಕಾಟ್ಲೆಂಡಿನ ಗ್ಲೆನ್‌ರೋವನ್ ಪ್ರಭು. ದೇಶಬಿಟ್ಟ ರಾಜವಂಶದ ಕುಮಾರನೊಬ್ಬ ಸಿಂಹಾಸನಕ್ಕಾಗಿ ದಂಗೆ ಎದ್ದಾಗ, ಎಂದೋ ಕೊಟ್ಟ ಮಾತಿಗೆ ಕಟ್ಟುಬಿದ್ದು ಕೋಟೆ, ಜಮೀನು, ಹೆಂಡತಿಯನ್ನು ಬಿಟ್ಟು ಹೊರಟವನು. ದಂಗೆ ಮುರಿದುಬಿತ್ತು. ಪ್ರಭು ತಲೆ ಉಳಿಸಿಕೊಂಡು ಫ್ರಾನ್ಸಿಗೆ ಓಡಿದ.

"ಗೆಲ್ಲೋ ಕಡೆ ನಿಲ್ಲೋಕೆ ಯಾರಿಗ್ ಬೇಕಾದ್ರೂ ಬರುತ್ತೆ ರೀ," ಎಂದಳು ಮಯೂರಿ. "ನಿಮಗಂತೂ ಚೆನ್ನಾಗೇ ಬರುತ್ತೆ ಅನ್ಸುತ್ತೆ."

ಸುಬಾಂಗ್ ಜಯಾ ಊರಿನ ಯಜ್ಞನಾರಾಯಣ ಮಾವ ಗಹಗಹಿಸಿ ನಕ್ಕರು. ಅಲ್ಲಿನ ಕನ್ನಡಿಗರಿಗೆಲ್ಲ ಅವರೇ ಭಾಗವತರು. ಕೊರೋನಾದಿಂದಾಗಿ ಆ ವರ್ಷ ರಾಜ್ಯೋತ್ಸವಕ್ಕೆ ಸಭಾಂಗಣ ಸಿಗದೆ, ಝೂಮ್‌ನಲ್ಲೇ ತಾಳಮದ್ದಳೆ ಮಾಡುವುದೆಂದು ಹೊರಟಿದ್ದರು. ಪ್ರಸಂಗಕ್ಕೆಂದು ಮಯೂರಿ ಈ ಪ್ರಭುವಿನ ಕಥೆ ಹೇಳಿದ್ದಳು.

"ಸಿಕ್ಕಿತಲ್ಲ ಜೋಡಿ! ಪೃಥ್ವಿ, ನೀನೇ ಪ್ರಭು. ಮಯೂರಿ, ನೀನು ಅವನ ಹೆಂಡತಿ ಮಾರ್ಗರೆಟ್. ಅವ ಹೋಗ್ತೇನೆ ಅನ್ಬೇಕು, ನೀನು ಬೇಡ ಅನ್ಬೇಕು."

"ಅಂದ್ರೆ ನಾನು ಆ ಪೆದ್ದನನ್ನ ಸಮರ್ಥಿಸ್ಬೇಕಾ?" ಪೃಥ್ವಿ ತಲೆ ಕೆರೆದುಕೊಂಡ.

"ಅದೇ ಅಲ್ವನೋ ಅರ್ಥಧಾರಿಯ ಕೆಲಸ?"

ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ, ಬರೆದುಕೊಟ್ಟ ಮಾತೂ ಇಲ್ಲ. ಪದ್ಯ ಮುಗಿದ ಮೇಲೆ ಅರ್ಥಧಾರಿ ಸ್ಥಳದಲ್ಲೇ ವಾದ ಕಟ್ಟಬೇಕು. ಮಾತು ನಿಂತಿತೋ, ಸೋತ! ಪೃಥ್ವಿಯ ಅಪ್ಪ ಹೆಸರಾಂತ ಅರ್ಥಧಾರಿ. ಮಗನ ನಾಲಿಗೆ ಸೋತದ್ದನ್ನು ಯಾರೂ ಕಂಡಿರಲಿಲ್ಲ.

ಅಭ್ಯಾಸಕ್ಕೆಂದು ಶುರುವಾದ ಪೃಥ್ವಿಯ ಸಂಜೆಯ ಫೋನು ಬೇಗನೆ ಹಳಿ ತಪ್ಪಿತು.

"ಪ್ರಭು ಹೊರಡುವಾಗ ಹೆಂಡತಿಗೆ ಏನು ಹೇಳಿದ?"

"ಗೊತ್ತಿಲ್ಲ. ಎಲ್ಲೂ ಸಿಕ್ಕಿಲ್ಲ."

"ನೀವು ಊಟಕ್ಕೆ ಏನು ಮಾಡಿದ್ರಿ?"

"ಮಾಮಕ್ ಹೋಟ್ಲಿಂದ ರೊಟ್ಟಿ ಪಾರ್ಸೆಲ್. ಅದು ಪ್ರಭುವಿಗೆ ಯಾಕೆ ಬೇಕು?"

"ಪ್ರಭುವಿಗೆ ಬೇಡ. ನನಗೆ ಬೇಕು."

ಸೈಬರ್‌ಜಯಾದ ಅವನ ಮನೆಯಿಂದ ನಿಲಾಯ್‌ಗೆ ಕಾರಿನಲ್ಲಿ ಅರ್ಧ ಗಂಟೆಯ ದಾರಿ. ಆದರೆ ನಡುವೆ ರಾಜ್ಯದ ಗಡಿ, ಗಡಿಯಲ್ಲಿ ಯಾರನ್ನೂ ದಾಟಗೊಡದ ಪೊಲೀಸರು. ಒಬ್ಬರನ್ನೊಬ್ಬರು ಎದುರಾಬದುರು ನೋಡಿಯೇ ಇರಲಿಲ್ಲ. ಹಾಸ್ಟೆಲ್ ಕಿಟಕಿಯಾಚೆ ಮೊದಲೆಲ್ಲ ವಿಮಾನಗಳ ಸದ್ದು ನಿಲ್ಲುತ್ತಲೇ ಇರಲಿಲ್ಲ. ಈಗ ಆಕಾಶ ಮೂಕವಾಗಿತ್ತು. ಆ ಮೌನದಲ್ಲಿ ಮಯೂರಿಗೆ ಫೋನಿನ ಸದ್ದಿನದೇ ಧ್ಯಾನ.

ಒಂದು ಸಂಜೆ ಫೋನು ಬರಲಿಲ್ಲ. ಮರುದಿನವೂ ಇಲ್ಲ. ಇವಳೇ ಮಾಡಿದರೆ, 'ಸ್ವಲ್ಪ ಬ್ಯುಸಿ' ಎಂಬ ಒಣ ಮೆಸೇಜು...

ಓದಲು ಕುಳಿತರೆ ಅಕ್ಷರ ಹತ್ತಲಿಲ್ಲ. ಎದ್ದರೆ ನಿಲ್ಲಲಾಗಲಿಲ್ಲ. ಕಾಲು ಸುಟ್ಟ ಬೆಕ್ಕಿನ ಹಾಗೆ ಕೋಣೆಯೊಳಗೆ ಓಡಾಡಿದಳು.

ಕೊನೆಗೆ ಸುದ್ದಿ ತಂದವರು ಯಜ್ಞನಾರಾಯಣರ ಹೆಂಡತಿ ಜಯಮಾಲಾ.

"ಪಾಪ, ಪೃಥ್ವಿದು ಕೆಲಸ ಹೋಯ್ತಂತಲ್ಲ. ಸೋಮವಾರ ಬೆಳಿಗ್ಗೆ ಬೆಂಗಳೂರಿಗೆ ಸ್ಪೆಷಲ್ ಫ್ಲೈಟ್. ನಿನಗೆ ಹೇಳ್ಲಿಲ್ವಾ?"

'ಇಲ್ಲ, ನನಗೆ ಹೇಳಲಿಲ್ಲ. ಲಾಕ್‌ಡೌನಿನಲ್ಲಿ ಹೊತ್ತು ಕಳೆಯಲು ಸಿಕ್ಕವಳಿಗೆ ಯಾರಾದರೂ ಹೇಳುತ್ತಾರಾ?' ಮಯೂರಿ ದಿಂಬಿಗೆ ಮುಖ ಒತ್ತಿ ಅತ್ತಳು. ಎದ್ದು ಮುಖ ತೊಳೆದಾಗ ಅಳುವಿಗಿಂತ ಸಿಟ್ಟೇ ಹೆಚ್ಚಾಗಿತ್ತು.

ಭಾನುವಾರ ಮಧ್ಯಾಹ್ನ ತಾಳಮದ್ದಳೆ. ಪರದೆಯ ತುಂಬ ಕನ್ನಡಿಗರ ಮುಖಗಳು. ಪೃಥ್ವಿಯ ಕಣ್ಣು ಗುಳಿಬಿದ್ದಿತ್ತು, ಮಾತು ಮಾತ್ರ ಹರಿಯುತ್ತಲೇ ಇತ್ತು. ಕೊಟ್ಟ ಮಾತು, ಕ್ಷತ್ರಿಯ ಧರ್ಮ, ಎಲ್ಲ ಬಂದವು.

ಮಯೂರಿ ಅವನನ್ನು ತಡೆಯಬೇಕಿತ್ತು. ತಡೆಯಲಿಲ್ಲ.

"ಮಾತು ಕೊಟ್ಟಿದ್ದೀರಿ, ಹೊರಡಿ ಪ್ರಭು. ನಾನು ಅಡ್ಡ ಬರುವವಳಲ್ಲ. ಆದರೆ ತಾವು ಹೊರಡುವ ಸುದ್ದಿ ನನಗೆ ಅಡುಗೆಯವಳ ಬಾಯಿಂದ ಬರಬೇಕಿತ್ತೇ?"

ಅಭ್ಯಾಸದಲ್ಲಿ ಇಲ್ಲದ ಮಾತು! ಯಜ್ಞನಾರಾಯಣರು ಹಿಡಿದ ಜಾಗಟೆ ಹಾಗೇ ನಿಂತಿತು. ಅವರ ಪಕ್ಕದಲ್ಲಿದ್ದ ಜಯಮಾಲಾ, ಅಡುಗೆಯವಳು ಯಾರೆಂದು ಹೊಳೆದು ಹುಬ್ಬು ಗಂಟಿಕ್ಕಿದರು.

ಪೃಥ್ವಿ ಪರದೆಯತ್ತ ಬಾಗಿದ. "ದೇವಿ... ಸೋಲುವವನ ಸಂಗಡ ನೀನೂ ಯಾಕೆ ಸೋಲಬೇಕೆಂದು..."

"ನನ್ನ ಸೋಲು ಗೆಲುವನ್ನೂ ತಾವೇ ತೀರ್ಮಾನಿಸಿದಿರಾ? ನನ್ನನ್ನು ಒಂದು ಮಾತು ಕೇಳಿದಿರಾ?"

'ನೆಟ್‌ವರ್ಕ್ ಹೋಯ್ತಾ?' ಎಂದು ಯಾರೋ ಚಾಟ್‌ನಲ್ಲಿ ಬರೆದರು. ನೆಟ್‌ವರ್ಕ್ ಸರಿಯಾಗಿಯೇ ಇತ್ತು. ಪೃಥ್ವಿಯ ಗಲ್ಲದ ಮೇಲೆ ನೀರಿಳಿಯುತ್ತಿತ್ತು.

"ಇಲ್ಲ," ಎಂದ, ಪ್ರಭುವಿನ ಭಾಷೆ ಬಿಟ್ಟು. "ಕೇಳ್ಲಿಲ್ಲ. ಸೋತೆ."

ಭಾಗವತರು ತಡಬಡಿಸಿ ಮಂಗಳ ಹಾಡಿದರು. ಎಂಥ ಅಭಿನಯ ಎಂದು ಜನ ಚಪ್ಪಾಳೆಯ ಚಿತ್ರಗಳನ್ನು ಸುರಿಸಿದರು. ಜಯಮಾಲಾ ಗಂಡನ ಹೆಗಲು ತಟ್ಟಿದರು.

"ಏಳ್ರೀ, ಸಾಕು. ಮೀಟಿಂಗ್ ಮಯೂರಿ ಹೆಸರಿಗೆ ಬಿಟ್ಟು ಬನ್ನಿ. ಅಡುಗೆಯವಳು ಕಾಫಿಗಿಟ್ಟಿದಾಳೆ."

ಒಂದೊಂದೇ ಚೌಕ ಆರಿ, ಎರಡು ಉಳಿದವು.

"ಕೆಲಸ ಹೇಗೆ ಹೋಯ್ತು?" ಅವಳೇ ಕೇಳಿದಳು.

"ಆಫೀಸಲ್ಲಿ ಹೊಸದಾಗಿ ಸೇರಿದವರನ್ನೆಲ್ಲ ತೆಗೀತಾರೆ ಅಂತ ಆಯ್ತು. ನಾವು ಹಳಬರೆಲ್ಲ ಒಟ್ಟಿಗೆ ವಿರೋಧಿಸುವ ಅಂತ ಮಾತಾಡಿಕೊಂಡಿದ್ದೆವು. ನಾನು ಮೀಟಿಂಗಲ್ಲಿ ಬಾಯಿ ತೆರೆದೆ. ತಿರುಗಿ ನೋಡಿದ್ರೆ ಹಿಂದೆ ಯಾರೂ ಇಲ್ಲ." ಪೆಚ್ಚಾಗಿ ನಕ್ಕ. "ಕೆಲಸದ ಜೊತೆ ವೀಸಾನೂ ಹೋಯ್ತು."

"ಸೋಲ್ತೀರಿ ಅಂತ ಗೊತ್ತಿತ್ತಾ?"

"ಗೊತ್ತಿತ್ತು. ದಿನಾ ಸಂಜೆ ಆ ಪ್ರಭುವನ್ನ ನನ್ನ ತಲೆಗೆ ತುಂಬಿದ್ದು ಯಾರು?"

ಮಯೂರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. 'ಇವನನ್ನು ಗೆಲ್ಲುವ ಕಡೆ ನಿಲ್ಲುವವನು ಅಂದಿದ್ದೆನಲ್ಲ...'

"ನನಗ್ಯಾಕೆ ಹೇಳ್ಲಿಲ್ಲ?"

"ಕೈಯಲ್ಲಿ ಕೆಲಸ ಇಲ್ಲದವ ಹುಡುಗಿ ಹತ್ರ ಏನಂತ ಹೇಳುದು? ಕಾಯ್ತಾ ಇರಿ ಅಂತ ಹೇಳ್ಲಿಕ್ಕೆ ನನಗೆ ಯಾವ ಮುಖ ಉಂಟು?"

"ಹೇಳದೆ ಓಡಿಹೋಗೋಕೆ ಮಾತ್ರ ಮುಖ ಇತ್ತಾ? ನೀನು ನಿಜವಾಗ್ಲೂ ಪೆದ್ದ ಕಣೋ."

ನೀವು ಹೋಗಿ ನೀನು ಆಗಿತ್ತು. ಇಬ್ಬರಿಗೂ ಗೊತ್ತಾಯಿತು.

"ಮಾರ್ಗರೆಟ್ ಕೊನೆಗೆ ಏನು ಮಾಡಿದ್ಲು?" ಪೃಥ್ವಿ ಮೆಲ್ಲಗೆ ಕೇಳಿದ.

"ಫ್ರಾನ್ಸಿಗೆ ಹೋದ್ಲು. ಅವನು ಕರೀದೇನೇ."

"ನಾನು ಕರೀತಾ ಇದ್ದೇನೆ."

ಮಯೂರಿಯ ಎದೆ ಒಮ್ಮೆಗೇ ಹಗುರಾಯಿತು. "ಥೀಸಿಸ್ ಮುಗಿಸಿ ಬರ್ತೀನಿ. ಪ್ರಭುವನ್ನ ಅರ್ಧಕ್ಕೆ ಬಿಡೋಕಾಗಲ್ಲ."

"ಯಾವ ಪ್ರಭುವನ್ನ?"

"ಇಬ್ಬರನ್ನೂ."

ಮರುದಿನ ಬೆಳಿಗ್ಗೆ ಹಾಸ್ಟೆಲ್ ತಾರಸಿಯಲ್ಲಿ ಬಟ್ಟೆ ಒಣಹಾಕುವ ಹಗ್ಗದ ಮೇಲೆ ಪೃಥ್ವಿಗೆ ವಿಮಾನದಿಂದ ಕಾಣಲೆಂದು ಅವಳು ಕೆಂಪು ದುಪಟ್ಟಾ ಹರಡಿದ್ದಳು. ಮೂಕ ಆಕಾಶದಲ್ಲಿ ಸದ್ದು ಕೇಳಿದ್ದೇ ಮಯೂರಿ ತಲೆಯೆತ್ತಿದಳು. ಮೋಡದ ಮೇಲೆಲ್ಲೋ ಒಂದೇ ಒಂದು ವಿಮಾನ. ಸದ್ದು ಪೂರ್ತಿ ಅಡಗುವವರೆಗೂ ಅವಳು ಅಲ್ಲೇ ನಿಂತಿದ್ದಳು.

ಸಂಜೆ ಬೆಂಗಳೂರಿನ ಕ್ವಾರಂಟೈನ್ ಹೋಟೆಲಿನಿಂದ ಫೋನು ಬಂತು. ಹೇಳಿದ ಹೊತ್ತಿಗೆ ಸರಿಯಾಗಿ.

"ದುಪಟ್ಟಾ ಕಾಣಿಸ್ತು."

"ಸುಳ್ಳು. ಪೂರ್ತಿ ಮೋಡ ಇತ್ತು."

"ಕೆಂಪು, ಅಂಚು ಬಿಳಿ. ಗಾಳಿಗೆ ಹಾರ್ತಾ ಇತ್ತು."

"ವಿಡಿಯೋ ಕಾಲ್‌ನಲ್ಲಿ ನೋಡಿದ್ದನ್ನೇ ಹೇಳ್ತಿದೀಯ. ಸೋತೆ ಅಂತ ಒಪ್ಕೋ."

"ಆಗ್ಲಿಕ್ಕಿಲ್ಲ ಮಾರಾಯ್ತಿ," ಎಂದ ಪೃಥ್ವಿ. "ನಿನ್ನೆ ಒಮ್ಮೆ ಸೋತಿದ್ದೇನಲ್ಲ, ಈ ಜನ್ಮಕ್ಕೆ ಅದು ಸಾಕು."