ಪರಿಮಳ ಹೋದ ಹಾಪ್ಸ್

ನೈರಿ ಗ್ಯಾರೇಜಿನ ಫ್ರೀಜರ್ ಖಾಲಿ ಮಾಡುತ್ತಿದ್ದಾಗ ಲಾಯ್ಡ್ ಬಂದ. ಬಟಾಣಿ, ಜಿಂಕೆ ಮಾಂಸ ಒಂದು ಕಡೆ ಇದ್ದವು. ಬಿಯರಿಗೆ ಹಾಕುವ ಹಾಪ್ಸ್ ಹೂಗಳ ಪೊಟ್ಟಣಗಳೆಲ್ಲ ಕಸದ ಚೀಲ ಸೇರುತ್ತಿದ್ದವು.

"ಏನ್ ಮಾಡ್ತಿದೀಯ ಮಾರಾಯ್ತಿ? ಹಾಪ್ಸ್ ಬೆಳೆದೇ ಬದುಕೋ ಮೊಟುವೇಕಾದಲ್ಲಿ ಅದನ್ನೇ ಎಸೆದ್ರೆ ಊರವರು ಗಲಾಟೆಗೆ ಬರ್ತಾರೆ."

"ಹಳೇದು. ಮೂರು ವರ್ಷ ಆಯ್ತು."

ಅವಳು ತಲೆ ಎತ್ತಲಿಲ್ಲ. ಅವರಿಬ್ಬರೂ ಇದ್ದ, ಮನೆಯಲ್ಲೇ ಬಿಯರ್ ಮಾಡುವವರ ಬಳಗದಲ್ಲಿ ಪರಿಮಳ ಗುರುತಿಸಲು ಅವಳ ಮೂಗಿಗೆ ಸಾಟಿ ಇರಲಿಲ್ಲ. ಕಳೆದ ಚಳಿಗಾಲದಲ್ಲಿ ಜ್ವರ ಬಂದು ಹೋದ ಮೇಲೆ ಅವಳು ಆ ಕಡೆ ಸುಳಿದಿರಲಿಲ್ಲ. ತನ್ನ ಮೇಲೇನಾದರೂ ಬೇಸರವೋ ಎಂದು ಒದ್ದಾಡಿದ ಲಾಯ್ಡ್, ಕೊನೆಗೆ ಕೇಳಿಯೇ ಬಿಡೋಣವೆಂದು ಬಂದಿದ್ದ.

ಅವನು ಒಂದು ಪೊಟ್ಟಣ ಹರಿದು, ಹೂಗಳನ್ನು ಅಂಗೈಯಲ್ಲಿ ಉಜ್ಜಿ, ಮೊದಲು ತಾನು ಮೂಸಿದ. ನಂತರ ಎರಡೂ ಕೈಗಳನ್ನು ಬೊಗಸೆ ಮಾಡಿ ಅವಳ ಮುಖದ ಬಳಿ ಹಿಡಿದ. ಹೆಬ್ಬೆರಳು ಕೆನ್ನೆಗೆ ತಾಗಿತು. ಮೊದಲಾಗಿದ್ದರೆ ಅವಳ ಎದೆ ಡವಗುಟ್ಟುತ್ತಿತ್ತು. ಈಗ ಏನೂ ಆಗಲಿಲ್ಲ. ಇಷ್ಟು ಒಳ್ಳೆಯವನೂ ತನ್ನ ಮನಸ್ಸನ್ನು ತಟ್ಟದೆ ಹಾಗೇ ಹೋಗಿಬಿಡುತ್ತಾನೆ ಎಂಬುದೊಂದೇ ಅವಳಿಗಿದ್ದ ಭಯ.

"ಹೇಗಿದೆ?"

"ಚೆನ್ನಾಗಿದೆ. ನಿಂಬೆ ವಾಸನೆ."

ಲಾಯ್ಡ್‌ನ ಕಣ್ಣಲ್ಲಿದ್ದ ತುಂಟ ನಗು ನಿಂತಿತು. "ಇದ್ರಲ್ಲಿ ಯಾವ ವಾಸನೇನೂ ಉಳಿದಿಲ್ಲ ನೈರಿ."

ಅವಳು ಫ್ರೀಜರ್ ಮುಚ್ಚಿ ಅದರ ಮೇಲೆ ಕೂತಳು.

"ಜ್ವರ ಬಂದಾಗಿಂದ ನಂಗೆ ಏನೂ ಮೂಗಿಗೆ ಬಡಿಯಲ್ಲ. ಊಟ ಅಂದ್ರೆ ರಟ್ಟು ತಿಂದ ಹಾಗೆ. ಖುಷಿ, ಬೇಜಾರು ಎಲ್ಲಾ ಅಷ್ಟೇ."

ಲಾಯ್ಡ್ ಕಸದ ಚೀಲದಿಂದ ಪೊಟ್ಟಣಗಳನ್ನು ಒಂದೊಂದಾಗಿ ಹೆಕ್ಕತೊಡಗಿದ.

"ಪರಿಮಳ ಹೋದ್ರೇನು, ಫ್ರೀಜರಲ್ಲಿದ್ದಿದ್ದಕ್ಕೆ ಕಹಿ ಇರುತ್ತೆ. ಸ್ವಲ್ಪ ಜಾಸ್ತಿ ಹಾಕಿ ಚೆನ್ನಾಗಿ ಕುದಿಸೋಣ. ಕಹಿಗೆ ಮೂಗು ಬೇಡ ಕಣೆ, ನಾಲಿಗೆ ಸಾಕು."

ಅಂದೇ ಕುದಿಸಿದರು. ಹುದುಗು ಬರುವ ವಾರಗಳಲ್ಲೂ, ಬಾಟಲಿಗೆ ತುಂಬಿದ ಮೇಲೂ ಅವನು ಭಾನುವಾರಗಳಂದು ಬಿಯರ್ ನೋಡುವ ನೆಪ ಹೇಳಿಕೊಂಡು ಬರುತ್ತಿದ್ದ. ಅವಳು ಚಹಾ ಕೊಡುತ್ತಿದ್ದಳು, ಅವನು ಅದಕ್ಕೆ ಸಕ್ಕರೆ ಸಾಲದೆಂದು ಕಾಡಿಸುತ್ತಿದ್ದ.

ಬಾಟಲಿ ತೆರೆದ ದಿನ ನೈರಿ ಒಂದು ಗುಟುಕು ಕುಡಿದು ಮುಖ ಹಿಂಡಿದಳು.

"ಥೂ, ಏನೋ ಇದು, ಕಹಿ ವಿಷ."

"ಗೊತ್ತಾಯ್ತಾ?"

"ಗೊತ್ತಾಯ್ತು." ಅವಳು ಇನ್ನೊಂದು ಗುಟುಕು ಕುಡಿದಳು.

ಲಾಯ್ಡ್ ತನ್ನ ಗ್ಲಾಸನ್ನು ಕೆಳಗಿಟ್ಟ. "ನೀನಂದ್ರೆ ನಂಗೆ ಇಷ್ಟ. ತುಂಬಾ ದಿನದಿಂದ. ನಿಂಗೆ?"

ಅವಳೂ ತನ್ನ ಗ್ಲಾಸನ್ನು ಕೆಳಗಿಟ್ಟಳು.

"ಸುಳ್ಳು ಹೇಳಲ್ಲ. ಹುಡುಕಿ ನೋಡಿದೆ, ಒಳಗೆ ಏನೂ ಸಿಗ್ತಿಲ್ಲ."

ಅವನು ತಲೆಯಾಡಿಸಿ, ಹೊರಡಲು ಎದ್ದ.

"ಆದ್ರೆ ಹೋದ ಭಾನುವಾರ ನೀನು ಬರ್ಲಿಲ್ಲ," ಎಂದಳು ನೈರಿ. "ಅದು ಮಾತ್ರ ಗೊತ್ತಾಯ್ತು. ರಾತ್ರಿವರೆಗೂ ಗೊತ್ತಾಗ್ತಾನೇ ಇತ್ತು."

ಲಾಯ್ಡ್ ಮತ್ತೆ ಕೂತ. ಅವಳು ಸರಿದು ಅವನಿಗೆ ತನ್ನ ಪಕ್ಕದಲ್ಲಿ ಜಾಗ ಮಾಡಿಕೊಟ್ಟಳು.