ಆಪತ್ತಿನ ಗೋಡೆ, ಕಡ ತಂದ ಕಣ್ಣು

"ಅಣ್ಣಾ, ಗಡಿಯಾಚೆಯ ಹುರುಳಿಹಾಳಿಗೆ ದಾರಿ ಯಾವುದು?"

ಕಲ್ಲಿನ ಸಂದಿಗೆ ಗಾರೆ ತುಂಬುತ್ತಿದ್ದವ ತಲೆ ಎತ್ತಲಿಲ್ಲ. "ನಿನ್ನೆಯವರೆಗೂ ಇಲ್ಲೇ ಇತ್ತು ತಾಯಿ. ಈಗ ಗೋಡೆಯ ಹೊಟ್ಟೆಯಲ್ಲಿದೆ."

ಇದು ಬಹಳ ಹಿಂದೆ, ನಗಾರಿಯ ಸದ್ದಿಗೆ ಕಲ್ಲುಗಳು ಎದ್ದು ಹಾರುತ್ತಿದ್ದ ರಾಜ್ಯವೊಂದರ ಮಾತು. ದಾರಿ ಕೇಳಿದವಳು ಮಾಕವ್ವ. ಒಂದೆಡೆ ಕೂತರೆ ಕಾಲು ಜೋಮು ಹಿಡಿಯುತ್ತದೆಂದು ದೇಶದೇಶ ಅಲೆದವಳು. ಅವಳ ಸೆರಗಿನ ಗಂಟಿನಲ್ಲಿ ಒಂದು ಕಣ್ಣಿತ್ತು. ಮಂಜಿನ ಕಾಡು ದಾಟಲೆಂದು ಹುರುಳಿಹಾಳಿನ ಸಂಕಜ್ಜಿ ತನಗೆ ಉಳಿದಿದ್ದ ಒಂದೇ ಕಣ್ಣನ್ನು ತೆಗೆದು ಕಡ ಕೊಟ್ಟಿದ್ದಳು. ಇಲ್ಲದ್ದನ್ನು ಆ ಕಣ್ಣು ಕಾಣುತ್ತಿರಲಿಲ್ಲ, ಇದ್ದದ್ದನ್ನು ಬಿಡುತ್ತಿರಲಿಲ್ಲ. ಇಂದು ಹೊತ್ತು ಮುಳುಗುವುದರೊಳಗೆ ಹಿಂದಿರುಗಿಸದಿದ್ದರೆ ಅದು ಕಲ್ಲಾಗುತ್ತದೆ. ಅಜ್ಜಿಗೆ ಸಾಯುವವರೆಗೂ ಕತ್ತಲು.

"ಈ ಗೋಡೆ ಯಾರಿಗೆ ಬೇಕಿತ್ತು?"

"ಮೆಲ್ಲಗೆ ಮಾತಾಡು! ರಾಜಸಭೆ ದುಡ್ಡು ಕೊಡಲ್ಲ ಅಂತು. 'ಆಪತ್ತು ಕಂಡರೆ ಅರಸ ಯಾರನ್ನೂ ಕೇಳಬೇಕಿಲ್ಲ' ಅಂತ ಹಳೇ ಶಾಸನ ಇದೆಯಂತೆ. ಆಚೆ ರಕ್ಕಸರಿದ್ದಾರೆ ಅಂತ ಮಾಂತ್ರಿಕ ಹೇಳಿದ, ಅರಸ ನಗಾರಿ ಹೊಡೆಸಿದ."

ಆಗಲೇ ನಗಾರಿ ಮೊಳಗಿತು. ಸೈನಿಕರ ಮನೆಗಳಿಗೆಂದು ತೆಗೆದಿಟ್ಟ ಕಲ್ಲುಗಳು ಹಾರಿ ಬಂದು ಗೋಡೆ ಸೇರಿದವು. ಮತ್ತೆ ಮೊಳಗಿತು. ಕೆರೆಯ ಏರಿ ಕಳಚಿಕೊಂಡು ಬಂತು. ಹಿಂದೆಯೇ ಊರಿಗೆ ನೀರು ನುಗ್ಗಿದ ಸದ್ದು. ಮೂರನೆಯ ಸಲ ಮೊಳಗಿದಾಗ ಹಾರಿ ಬಂದದ್ದು ಗಾರೆಯವನ ಮನೆಯ ಒಲೆಗಲ್ಲು. ಇನ್ನೂ ಬಿಸಿಯಿತ್ತು. ಅವನ ಕೈಯಿಂದ ಕರಣೆ ಬಿತ್ತು.

ಗೋಡೆ ಉಸಿರಾಡುತ್ತಿತ್ತು. ಸೆರಗಿನ ಗಂಟಿನಲ್ಲಿ ಕಣ್ಣು ತಣ್ಣಗಾಗತೊಡಗಿತ್ತು.

ಮಾಕವ್ವ ಗೋಡೆ ಹತ್ತಿದಳು. ಮೇಲೆ ಅರಸ, ಪಕ್ಕದಲ್ಲಿ ಮಾಂತ್ರಿಕ.

"ಮಹಾಸ್ವಾಮಿ, ಆಪತ್ತನ್ನು ತಾವು ಕಂಡಿರಾ?"

"ಕೇಳಿದ್ದೇವೆ."

"ಶಾಸನದಲ್ಲಿ 'ಕಂಡರೆ' ಅಂತಲ್ಲವೇ ಇರುವುದು? 'ಕೇಳಿದರೆ' ಅಂತಿಲ್ಲವಲ್ಲ."

"ಇವಳನ್ನು ಕೆಳಗೆ ತಳ್ಳಿ!" ಮಾಂತ್ರಿಕ ಕಿರುಚಿದ.

ಆದರೆ ಭಯದಲ್ಲಿ ನಿದ್ದೆಗೆಟ್ಟವರಲ್ಲಿ ಅರಸನೇ ಮೊದಲಿಗ. "ತೋರಿಸು," ಎಂದ.

ಮಾಕವ್ವ ಕೊಟ್ಟ ಕಣ್ಣನ್ನು ಹಣೆಗೊತ್ತಿ ಆಚೆ ನೋಡಿದ. ಮೆಣಸಿನಕಾಯಿ ಒಣಹಾಕಿದ ಅಂಗಳ, ಕೋಳಿ ಓಡಿಸಲು ಗಾಳಿಗೆ ಕೋಲು ಬೀಸುತ್ತ ಕೂತ ಕುರುಡಜ್ಜಿ. ಈಚೆ ತಿರುಗಿದ. ಗೋಡೆಗೆ ಬಾಯಿತ್ತು; ಹಲ್ಲಿನ ಸಂದಿಯಲ್ಲಿ ತನ್ನದೇ ಊರಿತ್ತು. ಮಾಂತ್ರಿಕ ನಿಂತಿದ್ದ ಜಾಗದಲ್ಲಿ ಆ ಬಾಯಿಯ ನಾಲಿಗೆ ಹೊರಳುತ್ತಿತ್ತು.

"ಕಂಡೆ," ಅರಸ ಅಳುತ್ತಲೇ ಕಣ್ಣನ್ನು ಮಾಕವ್ವನ ಕೈಗಿಟ್ಟ. "ಆಪತ್ತನ್ನು ಈಗ ಕಂಡೆ. ನಗಾರಿ ಹರಿಯಿರಿ!"

ಚರ್ಮ ಹರಿದದ್ದೇ ತಡ, ನಾಲಿಗೆ ಬೂದಿಯಾಗಿ ಉದುರಿತು. ಮೇಲಿದ್ದವರನ್ನು ಮೆಲ್ಲಗೆ ನೆಲಕ್ಕಿಳಿಸಿ ಕಲ್ಲುಗಳು ತಂತಮ್ಮ ಜಾಗಕ್ಕೆ ಹಾರಿದವು. ಏರಿ ಕೂಡಿತು, ಒಲೆಗಳು ಉರಿದವು, ಆ ರಾಜ್ಯದವರು ಅಂದಿನಿಂದ ಹೊಟ್ಟೆ ತುಂಬ ಉಂಡು ಕಣ್ತುಂಬ ನಿದ್ದೆ ಮಾಡಿದರು.

ದಾರಿ ಮತ್ತೆ ಕಾಣಿಸಿತು. ಮಾಕವ್ವ ಓಡಿದಳು. ಸೂರ್ಯನ ಕೊನೆಯ ಅಂಚು ಇರುವಾಗಲೇ ಕಣ್ಣನ್ನು ಸಂಕಜ್ಜಿಯ ಅಂಗೈಗಿಟ್ಟಳು.

ಅಜ್ಜಿ ಅದನ್ನು ಹಾಕಿಕೊಂಡು ರೆಪ್ಪೆ ಬಡಿದು ಮೊದಲು ಕೋಳಿಗಳನ್ನು ನೋಡಿದಳು. ಆಮೇಲೆ ಇವಳನ್ನು. "ಯಾವನೋ ಇದರಲ್ಲಿ ಅತ್ತಿದ್ದಾನಲ್ಲೇ! ಒರೆಸಿ ಕೊಡಬಾರದಿತ್ತಾ?"

"ಅರಸನ ಕಣ್ಣೀರು, ಅಜ್ಜಿ," ಮಾಕವ್ವ ಏದುಸಿರು ಬಿಡುತ್ತಲೇ ನಕ್ಕಳು. "ಬಡ್ಡಿ ಅಂತ ಇಟ್ಕೋ."